ಮೂರನೆಯ ಸಾಲಿನ ಚಪ್ಪಾಳೆ

ಚಪ್ಪಾಳೆ ತಟ್ಟುವುದನ್ನು ಕೆಲಸ ಎನ್ನಬಹುದೇ? ಬೆಳಿಗ್ಗೆ ಆರೂವರೆಗೆ ಟೈ ಕಟ್ಟಿಕೊಂಡು ಮನೆ ಬಿಟ್ಟ ಗಂಡಸೊಬ್ಬ, ಎಂಟರಿಂದ ಹನ್ನೊಂದರವರೆಗೆ ಕೂತು, ತಟ್ಟಿ ಎಂದಾಗ ತಟ್ಟಿ, ನಗಿ ಎಂದಾಗ ನಕ್ಕು, ಕಣ್ಣೊರೆಸಿಕೊಳ್ಳಿ ಎಂದಾಗ ಕಣ್ಣೊರೆಸಿಕೊಂಡರೆ ಅದು ದುಡಿಮೆಯಲ್ಲದೆ ಮತ್ತೇನು? ಹಾಗೆ ನೋಡಿದರೆ ತಾನು ಹೆಂಡತಿ ಹೊವಿತಾಳಿಗೆ ಹೇಳುತ್ತಿರುವುದು ಪೂರ್ತಿ ಸುಳ್ಳಲ್ಲ. ಆದರೆ ಪೂರ್ತಿ ಸುಳ್ಳಲ್ಲದ್ದು ಎಷ್ಟರಮಟ್ಟಿಗೆ ನಿಜ? ಅರ್ಧ ನಿಜವೋ, ಕಾಲು ನಿಜವೋ?

ಎವರಾರ್ದೊ ತಿನೊಕೊ ಇಷ್ಟು ಯೋಚಿಸುವಷ್ಟರಲ್ಲಿ ಮುಂದೆ ನಿಂತು ಪ್ರೇಕ್ಷಕರಿಗೆ ಸನ್ನೆ ಮಾಡುವ ಇರ್ಮಾ ಎರಡೂ ಕೈ ಮೇಲೆತ್ತಿದಳು. ಅವನು ಚಪ್ಪಾಳೆ ತಟ್ಟಿದ. ‘ಬೆಳಗಾಯ್ತು ಏಳಿ’ ಶುರುವಾಯಿತು.

ಮೆಕ್ಸಿಕೋ ನಗರದಲ್ಲಿ ಈ ಟಿವಿ ಕಾರ್ಯಕ್ರಮ ನೋಡದೆ ಇಸ್ತ್ರಿಪೆಟ್ಟಿಗೆ ಬಿಸಿಯಾಗುವುದಿಲ್ಲ, ಹಾಲು ಉಕ್ಕುವುದಿಲ್ಲ ಎಂಬ ಮಾತಿತ್ತು. ನಡೆಸಿಕೊಡುವವರು ಇಬ್ಬರು: ಮಿರ್ತಾ ಓಸೋರ್ನೊ ಮತ್ತು ಗಾಲೊ ಎಚೆವೆರ್ರಿ. ಹತ್ತೊಂಬತ್ತು ವರ್ಷಗಳಿಂದ ಒಂದೇ ಸೋಫಾದ ಮೇಲೆ ಕೂತು ಅಡುಗೆ, ಜಾತಕ, ಮಂಡಿನೋವು, ನಟಿಯರ ವಿಚ್ಛೇದನ ಎಲ್ಲವನ್ನೂ ಒಂದೇ ಉತ್ಸಾಹದಿಂದ ಹೇಳುತ್ತಿದ್ದರು. ಮಿರ್ತಾ ಅತ್ತರೆ ದೇಶ ಅಳುತ್ತಿತ್ತು. ಗಾಲೊ ನಕ್ಕರೆ ದೇಶಕ್ಕೆ ನಗದೆ ಬೇರೆ ದಾರಿಯಿರಲಿಲ್ಲ.

ಎವರಾರ್ದೊ ಈ ಸಭೆ ಸೇರಿದ್ದು ಅಕ್ಟೋಬರ್ ಕೊನೆಯಲ್ಲಿ. ಅದಕ್ಕೆ ಮೊದಲು ಅವನು ಇಪ್ಪತ್ತಾರು ವರ್ಷ ನೋಟರಿ ದೋನ್ ಲಿಸಾಂದ್ರೊ ಅವರ ಕಚೇರಿಯಲ್ಲಿ ಕರಾರುಪತ್ರಗಳನ್ನು ಬರೆದು, ಸಹಿ ಮಾಡಲು ಬಂದವರ ಮುಂದೆ ಗಟ್ಟಿಯಾಗಿ ಓದುತ್ತಿದ್ದ. ನೋಟರಿಗೆ ಎಪ್ಪತ್ತೊಂಬತ್ತಾಯಿತು, ಕಚೇರಿ ಮುಚ್ಚಿದರು. ಅಂದು ಸಂಜೆ ಮನೆಗೆ ಹೋದಾಗ ಹೊವಿತಾ ಜ್ವರದಲ್ಲಿ ಮಲಗಿದ್ದಳು. ನಾಳೆ ಹೇಳಿದರಾಯಿತು ಎಂದುಕೊಂಡ. ನಾಳೆ ಅವಳ ಜ್ವರ ಬಿಟ್ಟಿತ್ತು. ಬಿಟ್ಟ ಜ್ವರ ಮತ್ತೆ ಬರುವುದು ಬೇಡ ಎಂದು ನಾಡಿದ್ದಿಗೆ ಇಟ್ಟ. ನಾಡಿದ್ದು ಭಾನುವಾರ, ಭಾನುವಾರ ಯಾರೂ ಇಂಥ ಮಾತು ಹೇಳುವುದಿಲ್ಲ. ಸೋಮವಾರ ಬೆಳಿಗ್ಗೆ ಅವಳು ಡಬ್ಬಿ ಕಟ್ಟಿ ಕೈಗಿಟ್ಟಳು. ಡಬ್ಬಿ ಕೈಗೆ ಬಂದ ಮೇಲೆ ಹೋಗದೆ ಇರುವುದು ಹೇಗೆ?

ಮೂರು ದಿನ ಪಾರ್ಕಿನಲ್ಲಿ ಕೂತ. ಅಲ್ಲಿನ ಬೆಂಚುಗಳು ಪಿಂಚಣಿದಾರರ ವಶದಲ್ಲಿದ್ದವು, ಅವರು ಪ್ರಶ್ನೆ ಕೇಳುತ್ತಿದ್ದರು. ನಾಲ್ಕನೆಯ ದಿನ ರಸ್ತೆಬದಿಯಲ್ಲಿ ನಲವತ್ತು ಹೆಂಗಸರನ್ನು ಬಸ್ಸಿಗೆ ಹತ್ತಿಸುತ್ತಿದ್ದ ಇರ್ಮಾ ಅವನ ಟೈ ನೋಡಿ, ಸ್ವಾಮಿ ನಿಮಗೆ ಚಪ್ಪಾಳೆ ತಟ್ಟೋಕೆ ಬರುತ್ತಾ ಎಂದು ಕೇಳಿದಳು. ಬೆಳಗಿನ ಕಾರ್ಯಕ್ರಮಕ್ಕೆ ಗಂಡಸು ಪ್ರೇಕ್ಷಕರು ಸಿಗುವುದು ಕಷ್ಟ, ಅವರೆಲ್ಲ ಕೆಲಸಕ್ಕೆ ಹೋಗಿರುತ್ತಾರೆ. ಎವರಾರ್ದೊ ಬಸ್ಸು ಹತ್ತಿದ. ಒಂದು ಸ್ಯಾಂಡ್‌ವಿಚ್, ಒಂದು ಲೋಟ ಹಣ್ಣಿನ ರಸ, ಬೆಚ್ಚಗಿನ ಜಾಗ. ನೋಟರಿ ಕೊನೆಗೆ ಕೊಟ್ಟ ದುಡ್ಡನ್ನು ಹದಿನೈದು ದಿನಕ್ಕೊಮ್ಮೆ ಸಂಬಳದಂತೆ ತಂದು ಹೊವಿತಾಳ ಕೈಗೆ ಕೊಡುತ್ತಿದ್ದ.

ಒಂದೇ ತೊಡಕು. ಹೊವಿತಾ ಒಂದು ದಿನವೂ ತಪ್ಪದೆ ‘ಬೆಳಗಾಯ್ತು ಏಳಿ’ ನೋಡುತ್ತಿದ್ದಳು.

ಆದ್ದರಿಂದ ಅವನು ಮೂರನೆಯ ಸಾಲಿನಲ್ಲಿ, ಭಾರೀ ಮೈಯ ಹೆಂಗಸೊಬ್ಬಳ ಹಿಂದಿನ ಕುರ್ಚಿಯನ್ನು ಹಿಡಿದುಕೊಂಡಿದ್ದ. ಯಾವ ಕ್ಯಾಮೆರಾ ಯಾವಾಗ ತಿರುಗುತ್ತದೆಂದು ಕಲಿತ. ತಿರುಗಿದಾಗ ಬೂಟಿನ ದಾರ ಕಟ್ಟುತ್ತಿದ್ದ. ರಾತ್ರಿ ಊಟಕ್ಕೆ ಕೂತಾಗ ಅವಳು ಆ ದಿನದ ಕಾರ್ಯಕ್ರಮವನ್ನು ವಿವರವಾಗಿ ವರ್ಣಿಸುವಳು. ಅವನು ಮೊದಲ ಸಲ ಕೇಳುವವನಂತೆ ಹುಬ್ಬೇರಿಸುವನು. ಒಮ್ಮೆ ಮಾತ್ರ, ಮಿರ್ತಾ ಹೇಳಿದ ಪಾಯಸಕ್ಕೆ ಎರಡು ಚಮಚ ಚಕ್ಕೆಪುಡಿ ಎಂದು ಅವಳು ಹೇಳಿದಾಗ, ‘ಮೂರು’ ಎಂದುಬಿಟ್ಟ. ಹೊವಿತಾ ಚಮಚ ಕೆಳಗಿಟ್ಟಳು. ಆಫೀಸಲ್ಲಿ ಯಾರೋ ಹೇಳ್ತಿದ್ದರು ಎಂದ. ಅವಳು ಚಮಚ ಎತ್ತಿಕೊಂಡಳು. ಆ ವಿಷಯ ಅಲ್ಲಿಗೆ ಮುಗಿಯಿತು, ಅಥವಾ ಮುಗಿಯಿತೆಂದು ಅವನು ಎಣಿಸಿದ.

ಜನವರಿ ಆರು ಬಂತು, ಮೂವರು ರಾಜರ ಹಬ್ಬ. ಅಂದು ಪ್ರತಿಯೊಂದು ಮನೆಯಲ್ಲೂ ಬಳೆಯಾಕಾರದ ಸಿಹಿ ಬ್ರೆಡ್ಡು ‘ರೋಸ್ಕಾ’ ಕತ್ತರಿಸುತ್ತಾರೆ. ಅದರೊಳಗೆ ಬೆರಳುಗುರಿನಷ್ಟು ಬಿಳಿ ಶಿಶುವಿನ ಬೊಂಬೆಗಳನ್ನು ಹುದುಗಿಸಿರುತ್ತಾರೆ. ಯಾರ ತುಂಡಿನಲ್ಲಿ ಬೊಂಬೆ ಸಿಗುತ್ತದೋ ಅವರು ಫೆಬ್ರವರಿ ಎರಡರಂದು, ಅಂದರೆ ಕಾಂದೆಲಾರಿಯಾ ಹಬ್ಬದ ದಿನ, ಕೂತಿದ್ದವರಿಗೆಲ್ಲ ತಮಾಲೆ ಮಾಡಿ ತಿನ್ನಿಸಬೇಕು. ಜೋಳದ ಹಿಟ್ಟು ನಾದಿ, ಸಿಪ್ಪೆಯಲ್ಲಿ ಸುತ್ತಿ, ಹಬೆಯಲ್ಲಿ ಬೇಯಿಸುವ ತಮಾಲೆ ತಿನ್ನುವುದು ಸುಲಭ, ಮಾಡುವುದು ಕಷ್ಟ. ಆದ್ದರಿಂದ ಬೊಂಬೆ ಸಿಕ್ಕ ಸಭ್ಯ ನಾಗರಿಕರು ಮೊದಲು ಮಾಡುವ ಕೆಲಸ ಅದನ್ನು ಅಡಗಿಸುವುದು. ಆ ಒಂದು ಸಂಜೆ ದೇಶದಲ್ಲಿ ಎಷ್ಟು ಶಿಶುಗಳು ಸೋಫಾದ ಸಂದಿಗೆ, ಕರವಸ್ತ್ರದ ಗಂಟಿಗೆ, ನಾಯಿಯ ಬಟ್ಟಲಿಗೆ ಸೇರುತ್ತವೆಂದು ಲೆಕ್ಕವಿಟ್ಟವರಿಲ್ಲ.

ಸ್ಟುಡಿಯೋದಲ್ಲಿ ಎತ್ತಿನಗಾಡಿಯ ಚಕ್ರದಷ್ಟು ದೊಡ್ಡ ರೋಸ್ಕಾ ತಂದರು. ಪ್ರೇಕ್ಷಕರಿಗೆಲ್ಲ ಒಂದೊಂದು ತುಂಡು, ಬಿಸಿ ಚಾಕೊಲೇಟು. ಎವರಾರ್ದೊ ಎರಡನೆಯ ಸಲ ಕಚ್ಚಿದಾಗ ಹಲ್ಲಿಗೆ ಗಟ್ಟಿಯಾದದ್ದು ಸಿಕ್ಕಿತು.

ಅವನು ನಾಲಿಗೆಯಿಂದ ಅದನ್ನು ಕೆನ್ನೆಗೆ ತಳ್ಳಿದ. ಇದು ಯೋಚನೆಯ ಫಲವಲ್ಲ, ಐವತ್ಮೂರು ವರ್ಷಗಳ ಸಂಸ್ಕಾರ.

ಅಷ್ಟರಲ್ಲಿ ಗಾಲೊ ಬೊಂಬೆ ಎಣಿಸಿದ. ಐದು ಸಿಕ್ಕಿವೆ, ಹಾಕಿದ್ದು ಆರು. ಆರನೆಯದು ಎಲ್ಲಿ? ಮಿರ್ತಾ ಸೋಫಾದಿಂದ ಎದ್ದಳು. ಕಳ್ಳರು ನಮ್ಮ ಮಧ್ಯೇನೇ ಇದ್ದಾರೆ ಎಂದು ದೇಶಕ್ಕೆ ಹೇಳಿ, ಮೊದಲ ಸಾಲಿನವರ ಬಾಯಿ ತೆರೆಸಿ ನೋಡತೊಡಗಿದಳು. ಮೂರೂ ಕ್ಯಾಮೆರಾಗಳು ಹಿಂದೆಯೇ ಬಂದವು. ಬೂಟಿನ ದಾರ ಕಟ್ಟಲು ಬಗ್ಗಿದರೆ ಬೊಂಬೆ ಬೀಳುತ್ತದೆ. ಬಗ್ಗದಿದ್ದರೆ ಮುಖ ಕಾಣುತ್ತದೆ. ಬಿಸಿತುಪ್ಪ ಬಾಯಿಗೆ ಹಾಕಿಕೊಂಡವನಿಗೂ ಇಷ್ಟು ಕಷ್ಟವಿಲ್ಲ. ಎರಡನೆಯ ಸಾಲಿಗೆ ಅವರು ಬಂದಾಗ ಎವರಾರ್ದೊ ನುಂಗುವ ತೀರ್ಮಾನ ಮಾಡಿದ.

ಶಿಶು ಗಂಟಲಲ್ಲಿ ಅಡ್ಡ ನಿಂತಿತು.

ಮುಂದಿನದನ್ನು ದೇಶವೇ ಕಂಡಿತು. ಟೈ ಕಟ್ಟಿದ ಗಂಡಸೊಬ್ಬ ಮೂರನೆಯ ಸಾಲಿನಿಂದ ನೇರಳೆ ಬಣ್ಣಕ್ಕೆ ತಿರುಗುತ್ತ ಎದ್ದು ನಿಂತ. ಗಾಲೊ ಕುರ್ಚಿಗಳನ್ನು ಹಾರಿ ಬಂದು ಬೆನ್ನಿಗೆ ಎರಡು ಗುದ್ದಿದ. ಬೊಂಬೆ ಹಾರಿ ಹೋಗಿ ಮಿರ್ತಾಳ ಕೂದಲಲ್ಲಿ ಕೂತಿತು. ಇರ್ಮಾ ಅಭ್ಯಾಸಬಲದಿಂದ ಎರಡೂ ಕೈ ಎತ್ತಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಉಸಿರು ಬಂದೊಡನೆ ಎವರಾರ್ದೊ ಕೂಡ ತಟ್ಟಿದ.

‘ಯಾರಪ್ಪಾ ನೀವು?’ ಎಂದು ಮಿರ್ತಾ ಮೈಕು ಹಿಡಿದಳು.

ಬೇರೆ ಯಾರಾದರೂ ಆಗಿದ್ದರೆ ಯಾವುದೋ ಒಂದು ಹೆಸರು ಹೇಳಿ ಕೂತುಬಿಡುತ್ತಿದ್ದರು. ಆದರೆ ಯಾರು ನೀವು ಎಂಬ ಪ್ರಶ್ನೆಗೆ ನೋಟರಿ ಕಚೇರಿಯಲ್ಲಿ ಉತ್ತರ ಒಂದೇ ಕ್ರಮದಲ್ಲಿ ಬರುತ್ತದೆ. ಇಪ್ಪತ್ತಾರು ವರ್ಷ ಅದನ್ನು ಓದಿದ ನಾಲಿಗೆ ಯಜಮಾನನ ಅಪ್ಪಣೆಗೆ ಕಾಯಲಿಲ್ಲ. ‘ಎವರಾರ್ದೊ ತಿನೊಕೊ ಕಾರ್ಬಹಾಲ್,’ ಎಂದಿತು, ‘ಹುಟ್ಟಿನಿಂದ ಮೆಕ್ಸಿಕೋ ಪ್ರಜೆ, ಈ ನಗರದಲ್ಲೇ ಜನಿಸಿದವನು, ವಯಸ್ಸು ಐವತ್ಮೂರು, ವಿವಾಹಿತ, ಉದ್ಯೋಗ...’

ಅಲ್ಲಿ ನಿಂತಿತು.

ಟೆಲಿವಿಷನ್ನಿನಲ್ಲಿ ಮೂರು ಸೆಕೆಂಡಿನ ಮೌನ ಬಹಳ ದೊಡ್ಡದು. ಆ ಮೂರು ಸೆಕೆಂಡು ಎವರಾರ್ದೊನ ಬಾಯಿ ತೆರೆದೇ ಇತ್ತು, ಒಳಗೆ ಏನೂ ಇರಲಿಲ್ಲ.

‘ಉದ್ಯೋಗ ಶಿಶುಭಕ್ಷಣೆ,’ ಎಂದ ಗಾಲೊ. ದೇಶ ನಕ್ಕಿತು. ಜಾಹೀರಾತು ಬಂತು.

ಕಾರ್ಯಕ್ರಮ ಹನ್ನೊಂದಕ್ಕೆ ಮುಗಿಯಿತು. ಅವನು ಮನೆಗೆ ಹೋದದ್ದು ಐದೂವರೆಗೆ. ಇಡೀ ದೇಶದೆದುರು ಸಿಕ್ಕಿಬಿದ್ದವನು ಕೂಡ ಕಚೇರಿ ಬಿಡುವ ಹೊತ್ತಿಗೆ ಮೊದಲು ಮನೆಗೆ ಹೋಗುವುದು ಸರಿಯಲ್ಲ ಎನ್ನಿಸಿತು.

ವಠಾರದ ಅಂಗಳದಲ್ಲಿ ಎಲ್ಲರೂ ಸೇರಿದ್ದರು. ಒಗೆಯುವ ಕಲ್ಲುಗಳ ಹತ್ತಿರ ನೆರೆಮನೆಯ ದೋನ್ಯಾ ಕುಕಾ ತೋಳು ಮಡಿಸಿ ನಿಂತಿದ್ದಳು. ಆ ವಠಾರದಲ್ಲಿ ಯಾವುದಕ್ಕೆ ಏನು ಅರ್ಥ ಎಂದು ನಿರ್ಧರಿಸುವ ಹೊಣೆ ಅವಳದು. ಎವರಾರ್ದೊ ತಪ್ಪೊಪ್ಪಿಗೆಯ ಮೊದಲ ವಾಕ್ಯವನ್ನು ಮೆಟ್ರೋದಲ್ಲಿ ಸಿದ್ಧ ಮಾಡಿಕೊಂಡಿದ್ದ. ಅದಕ್ಕೆ ಜಾಗ ಸಿಗಲಿಲ್ಲ.

‘ಇಷ್ಟು ವರ್ಷ ಪಕ್ಕದಲ್ಲೇ ಇದ್ದು ಒಂದ್ ಮಾತು ಹೇಳ್ಲಿಲ್ಲವಲ್ಲ, ದೋನ್ ಎವರಾರ್ದೊ,’ ಎಂದಳು ಕುಕಾ. ‘ಟಿವಿಯವರ ನೋಟರಿ ನೀವೇ ಅಂತ.’

ವಾದ ಸರಳವಾಗಿತ್ತು. ಬಹುಮಾನ ಎತ್ತುವಾಗಲೆಲ್ಲ ಟಿವಿಯಲ್ಲಿ ಒಬ್ಬ ಟೈ ಕಟ್ಟಿದ ಮನುಷ್ಯ ಮೂಲೆಯಲ್ಲಿ ನಿಂತಿರುವುದಿಲ್ಲವೇ, ಮೋಸ ನಡೆದಿಲ್ಲ ಎಂದು ಪ್ರಮಾಣ ಮಾಡಲು? ಬೊಂಬೆ ಆರೇ ಇವೆ ಎಂದು ಪ್ರಮಾಣ ಮಾಡಲೂ ಒಬ್ಬರು ಬೇಕಲ್ಲ? ಇಲ್ಲದಿದ್ದರೆ ನೋಟರಿ ಕಚೇರಿಯ ಮನುಷ್ಯನಿಗೆ ಕೆಲಸದ ದಿನ ಸ್ಟುಡಿಯೋದಲ್ಲೇನು ಕೆಲಸ? ಹೆಸರು ಕೇಳಿದರೆ ಕೋರ್ಟಿನಲ್ಲಿ ನಿಂತಂತೆ ಹೇಳಿದರಲ್ಲ. ಉದ್ಯೋಗ ಎಂದವರು ತಟ್ಟನೆ ನಿಲ್ಲಿಸಿದ್ದು ಯಾಕೆ? ಗುಟ್ಟಿನ ಕೆಲಸ, ಹೇಳುವಂತಿಲ್ಲ. ಹಾಗಾದರೆ ಬೊಂಬೆ ಬಾಯೊಳಗೆ ಯಾಕೆ ಇತ್ತು ಎಂದು ಮೂಲೆಮನೆಯ ಚಮ್ಮಾರ ಕೇಳಿದನಂತೆ. ಸಾಕ್ಷ್ಯವನ್ನು ಮತ್ತೆಲ್ಲಿ ಇಡ್ತಾರೆ ಎಂದು ಕುಕಾ ಅವನ ಬಾಯಿ ಮುಚ್ಚಿಸಿದ್ದಳು.

ಎವರಾರ್ದೊ ಅಲ್ಲ ಎನ್ನಲಿಲ್ಲ, ಹೌದೆನ್ನಲೂ ಇಲ್ಲ. ಮೌನ ಸಮ್ಮತಿಯಾಯಿತು.

ಒಳಗೆ ಹೊವಿತಾ ಹುರುಳಿಕಾಯಿ ನಾರು ಬಿಡಿಸುತ್ತಿದ್ದಳು. ಗಂಟಲು ನೋವಿದೆಯೇ ಎಂದು ಕೇಳಿದಳು. ಸ್ವಲ್ಪ ಎಂದ. ಉಪ್ಪುನೀರು ಕಾಯಿಸಿ ಕೊಟ್ಟಳು. ಅವನು ಮುಕ್ಕಳಿಸಿದ. ಆ ದಿನದ ಕಾರ್ಯಕ್ರಮದಲ್ಲಿ ಏನಾಯಿತೆಂದು ಅಂದು ರಾತ್ರಿ ಅವಳು ವರ್ಣಿಸಲಿಲ್ಲ.

ಮಾರನೆಯ ದಿನದಿಂದ ಅವನ ಮನೆ ಸಣ್ಣದೊಂದು ಕಚೇರಿಯಾಯಿತು. ಕುಕಾ ತಾನು ಕಾರ್ಯಕ್ರಮದ ಮಿಕ್ಸಿ ಬಹುಮಾನಕ್ಕೆ ನಲವತ್ತೊಂದು ಸಲ ಕಾಗದ ಹಾಕಿದ್ದೇನೆ, ಆ ಡಬ್ಬದೊಳಗೆ ನನ್ನ ಕಾಗದ ಇದೆಯೋ ಇಲ್ಲವೋ ನೀವು ಕಣ್ಣಾರೆ ನೋಡಿ ಹೇಳಬೇಕು ಎಂದು ಪಟ್ಟು ಹಿಡಿದಳು. ಚಮ್ಮಾರ ಮತ್ತು ಅವನ ತಮ್ಮ ಬಟ್ಟೆ ಒಣಹಾಕುವ ಹಗ್ಗ ಯಾರದೆಂಬ ಹನ್ನೊಂದು ವರ್ಷದ ವ್ಯಾಜ್ಯವನ್ನು ತಂದರು. ಎವರಾರ್ದೊ ಇಬ್ಬರ ಹೆಸರು, ವಯಸ್ಸು, ಉದ್ಯೋಗ ಬರೆದುಕೊಂಡು ಪತ್ರ ಮಾಡಿ ಗಟ್ಟಿಯಾಗಿ ಓದಿದ. ಹಲವು ತಿಂಗಳ ನಂತರ ಅವನ ದನಿ ತೆರೆದುಕೊಂಡಿತ್ತು. ಅಣ್ಣತಮ್ಮಂದಿರು ಕಣ್ಣೀರು ಹಾಕಿ ಅಪ್ಪಿಕೊಂಡರು. ವಾರ್ಡು ಕಚೇರಿಯ ಅಧಿಕಾರಿಯೊಬ್ಬರು ಸಹ ಬಂದು, ತಮ್ಮ ಅವಧಿಯಲ್ಲಿ ಹಾಕಿಸಿದ ಬೀದಿದೀಪಗಳ ಬಗ್ಗೆ ಮಿರ್ತಾಳ ಕಿವಿಗೆ ಒಂದು ಮಾತು ಹಾಕಿ ಎಂದು ಹೇಳಿ, ಉರಿಯದ ದೀಪದ ಕೆಳಗೇ ನಡೆದು ಹೋದರು.

ಅದೇ ವಾರ ಮಿರ್ತಾ ಸೋಫಾದ ಮೇಲಿಂದ ಘೋಷಿಸಿದಳು: ಕಾಂದೆಲಾರಿಯಾ ದಿನ ನಮ್ಮ ದೋನ್ ಎವರಾರ್ದೊ ಧರ್ಮಪತ್ನಿ ಸಮೇತ ಬಂದು ಸ್ಟುಡಿಯೋಗೆಲ್ಲ ತಮಾಲೆ ತಿನ್ನಿಸುತ್ತಾರೆ, ಅಂದೇ ಅವರ ಉದ್ಯೋಗವೇನೆಂಬುದನ್ನೂ ಕೇಳಿಯೇ ಬಿಡೋಣ.

ಎವರಾರ್ದೊ ಅದನ್ನು ಮೂರನೆಯ ಸಾಲಿನಲ್ಲಿ ಕೂತು ಕೇಳಿದ. ಚಪ್ಪಾಳೆ ತಟ್ಟಲು ಕೈ ಏಳಲಿಲ್ಲ. ಇರ್ಮಾ ಕಣ್ಣು ಬಿಟ್ಟಳು, ತಟ್ಟಿದ.

ದಾರಿ ಕಾಣದೆ ಹಳೆಯ ನೋಟರಿಯ ಮನೆಗೆ ಹೋದ. ದೋನ್ ಲಿಸಾಂದ್ರೊ ಮೊಣಕಾಲ ಮೇಲೆ ಕಂಬಳಿ ಹೊದ್ದು ಕಿಟಕಿಯ ಬಳಿ ಕೂತಿದ್ದರು. ಎರಡು ದಿನದ ಮಟ್ಟಿಗಾದರೂ ತಾನಿನ್ನೂ ಕೆಲಸದಲ್ಲಿದ್ದೇನೆಂದು ಹೇಳಿಕೊಳ್ಳಲು ಒಂದು ಚೀಟಿ ಕೊಡಿ ಎಂದು ಕೇಳುವ ಉದ್ದೇಶವಿತ್ತು.

‘ನಾನೂ ನೋಡ್ದೆ, ತಿನೊಕೊ,’ ಎಂದರು ನೋಟರಿ. ‘ಉದ್ಯೋಗದ ಹತ್ರ ಜಾಗ ಖಾಲಿ ಬಿಟ್ಟೆ. ಖಾಲಿ ಜಾಗ ಇರೋ ಪತ್ರ ಊರ್ಜಿತ ಆಗಲ್ಲ ಅಂತ ನಿಂಗೆ ಗೊತ್ತಿಲ್ವಾ?’

‘ಗೊತ್ತು, ಸ್ವಾಮಿ.’

‘ಗೆರೆ ಎಳೀಬೇಕು. ಏನೂ ಇಲ್ಲ ಅಂದ್ರೆ ಏನೂ ಇಲ್ಲ ಅಂತ ಗೆರೆ ಎಳೀಬೇಕು. ಖಾಲಿ ಬಿಟ್ರೆ ಕಂಡವರು ಬಂದು ತುಂಬ್ತಾರೆ.’

ಎವರಾರ್ದೊ ತಲೆಯಾಡಿಸಿದ. ಕತ್ತಲಾಗುವ ಮೊದಲು, ಹೊಸ ವರ್ಷದ ಶುಭಾಶಯ ಹೇಳಿ ಹೋಗೋಣ ಅಂತ ಬಂದೆ ಎಂದು ಹೇಳಿ ಎದ್ದ. ಚೀಟಿ ಕೇಳಲಿಲ್ಲ. ಆದರೆ ಮನೆಗೆ ನಡೆಯುವಾಗ ಗೆರೆ ಎಳೆಯುವುದೆಂದು ನಿಶ್ಚಯಿಸಿಕೊಂಡ. ಹೊವಿತಾಳಿಗೆ ಇಂದೇ ಹೇಳಿಬಿಡುವುದು.

ಮನೆ ಬಾಗಿಲಲ್ಲಿ ಜೋಳದ ಸಿಪ್ಪೆಯ ಮೂಟೆಗಳು ಅಡ್ಡವಿದ್ದವು. ಇಡೀ ವಠಾರ ತಮಾಲೆಯನ್ನು ತನ್ನದೆಂದು ಒಪ್ಪಿಕೊಂಡಿತ್ತು. ಕುಕಾ ಎರಡು ಹಂಡೆ ತಂದಿದ್ದಳು. ಹಂದಿಮಾಂಸದ್ದೆಷ್ಟು, ಹಸಿಮೆಣಸಿನ ಚಟ್ನಿಯದೆಷ್ಟು, ಸಿಹಿಯದೆಷ್ಟು ಎಂದು ಹೆಂಗಸರು ಜಗಳವಾಡುತ್ತಿದ್ದರು. ಟಿವಿಯಲ್ಲಿ ಉಡಲು ಎಲ್ಲರ ಬಟ್ಟೆಯೂ ಹೊಲಿಗೆಗೆ ಹೋಗಿತ್ತು. ನಡುವೆ ಹೊವಿತಾ ಮೊಣಕೈವರೆಗೆ ಹಿಟ್ಟಿನಲ್ಲಿ ಮುಳುಗಿದ್ದಳು. ಅಷ್ಟು ಜನರ ಮುಂದೆ ಹೇಳುವಂತಿರಲಿಲ್ಲ. ಜನ ಹೋದ ಮೇಲೆ ಅವಳು ಕೂತಲ್ಲೇ ನಿದ್ದೆಹೋದಳು. ಮರುದಿನವೂ ಹಾಗೆಯೇ, ಅದರ ಮರುದಿನವೂ ಹಾಗೆಯೇ. ಹೇಳಲು ಹೊರಟಾಗಲೆಲ್ಲ ಅವನ ಕೈಗೆ ಒಂದು ಸಿಪ್ಪೆ ಬರುತ್ತಿತ್ತು, ಒರೆಸಿ ಕೊಡಲು.

ಫೆಬ್ರವರಿ ಎರಡರಂದು ಕುಕಾಳ ಅಳಿಯನ ಕೋಳಿ ಸಾಗಿಸುವ ವ್ಯಾನಿನಲ್ಲಿ ನಾನೂರು ತಮಾಲೆ, ಹದಿನಾಲ್ಕು ಜನ, ಅಳಿದುಳಿದ ಪುಕ್ಕ, ಎಲ್ಲ ಸೇರಿ ಸ್ಟುಡಿಯೋ ತಲುಪಿದವು. ಗಾಲೊ ಕ್ಯಾಮೆರಾ ಮುಂದೆ ಮೂರು ತಿಂದ. ಮಿರ್ತಾ ಒಂದನ್ನು ಬಾಯಿಗಿಟ್ಟು ತನ್ನ ಅಜ್ಜಿಯನ್ನು ನೆನೆದು ಅತ್ತಳು. ಕುಕಾ ಮೈಕು ಕಸಿದುಕೊಂಡು ಮಿಕ್ಸಿಯ ವಿಚಾರ ಎತ್ತಿದಾಗ ಜಾಹೀರಾತು ಹಾಕಬೇಕಾಯಿತು.

ಜಾಹೀರಾತು ಮುಗಿಯಿತು. ಮಿರ್ತಾ ಎವರಾರ್ದೊನನ್ನೂ ಹೊವಿತಾಳನ್ನೂ ತನ್ನ ಸೋಫಾದ ಮೇಲೆ ಕೂರಿಸಿಕೊಂಡಳು. ‘ಹೋದ ಸಲ ಅರ್ಧಕ್ಕೇ ನಿಲ್ಲಿಸಿದ್ರಿ, ದೋನ್ ಎವರಾರ್ದೊ. ಇವತ್ತು ಪೂರ್ತಿ ಹೇಳ್ಬೇಕು.’

ಅವನು ಕೈಗಳನ್ನು ಮಂಡಿಯ ಮೇಲಿಟ್ಟುಕೊಂಡ. ಗೆರೆ ಎಳೆಯಲು ಬೇರೆ ದಿನ ಉಳಿದಿರಲಿಲ್ಲ. ಒಬ್ಬಳಿಗೆ ಹೇಳಲಾಗದ್ದನ್ನು ದೇಶಕ್ಕೇ ಹೇಳುವುದು ಸುಲಭ ಎಂದೂ ಆ ಕ್ಷಣ ತೋರಿತು. ‘ಎವರಾರ್ದೊ ತಿನೊಕೊ ಕಾರ್ಬಹಾಲ್,’ ಎಂದು ಶುರುಮಾಡಿದ, ‘ಹುಟ್ಟಿನಿಂದ ಮೆಕ್ಸಿಕೋ ಪ್ರಜೆ, ಈ ನಗರದಲ್ಲೇ ಜನಿಸಿದವನು, ವಯಸ್ಸು ಐವತ್ಮೂರು, ವಿವಾಹಿತ. ಉದ್ಯೋಗ...’

‘ನೋಟರಿ ಕಚೇರಿ,’ ಎಂದಳು ಹೊವಿತಾ.

ಮೈಕು ಅವಳ ಕಡೆ ತಿರುಗಿತು. ‘ಇಪ್ಪತ್ತಾರು ವರ್ಷದಿಂದ. ಒಂದ್ ದಿನಾನೂ ತಡವಾಗಿ ಹೋದೋರಲ್ಲ. ಆರೂವರೆಗೆ ಮನೆ ಬಿಡ್ತಾರೆ.’

ಎವರಾರ್ದೊ ಅವಳನ್ನು ನೋಡಿದ. ಅವಳು ಕ್ಯಾಮೆರಾ ನೋಡುತ್ತಿದ್ದಳು. ಇರ್ಮಾ ಕೈಯೆತ್ತಿದಳು, ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಗುಟ್ಟು ತಾನೇ ಮೊದಲು ಪತ್ತೆಹಚ್ಚಿದ್ದೆಂದು ಕುಕಾ ಪಕ್ಕದವರಿಗೆಲ್ಲ ಹೇಳುತ್ತಿದ್ದಳು.

ಕಾರ್ಯಕ್ರಮ ಮುಗಿದ ಮೇಲೆ ಇರ್ಮಾ ಅವನನ್ನು ಪರದೆಯ ಹಿಂದೆ ಕರೆದಳು. ನಾಳೆಯಿಂದ ಬರಬೇಡಿ ಎಂದಳು. ‘ನಿಮ್ಮ ಮುಖ ಈಗ ಎಲ್ಲರಿಗೂ ಗೊತ್ತು. ಪ್ರೇಕ್ಷಕರು ಅಂದ್ರೆ ಯಾರೋ ಆಗಿರ್ಬೇಕು. ಗುರುತಿರೋರು ಕೂತ್ರೆ ನಾವೇ ಕರ್ಕೊಂಡು ಬಂದು ಕೂರಿಸಿದ್ದೀವಿ ಅಂತ ಜನ ಅಂದ್ಕೋತಾರೆ.’ ಅವಳ ಕಣ್ಣಲ್ಲಿ ನೀರಿತ್ತು. ಇಂಥ ಚಪ್ಪಾಳೆಯ ಗಂಡಸು ಮತ್ತೆ ಸಿಗುವುದು ಕಷ್ಟ ಎಂದಳು. ಒಂದು ಸ್ಯಾಂಡ್‌ವಿಚ್ ಹೆಚ್ಚಿಗೆ ಕೊಟ್ಟಳು.

ಹೀಗೆ ಎವರಾರ್ದೊ ತಿನೊಕೊ, ನಾಲ್ಕು ತಿಂಗಳೊಳಗೆ ಎರಡನೆಯ ಸಲ, ತನ್ನದೇನೂ ತಪ್ಪಿಲ್ಲದೆ ಬೀದಿಗೆ ಬಂದ. ಈ ಸಲ ದೇಶಕ್ಕೆಲ್ಲ ಅವನೊಬ್ಬ ಉದ್ಯೋಗಸ್ಥನೆಂದು ಗೊತ್ತಿತ್ತು.

ವ್ಯಾನಿನಲ್ಲಿ ಎಲ್ಲರೂ ಹಾಡುತ್ತಿದ್ದರು. ಹೊವಿತಾ ಖಾಲಿ ಹಂಡೆಯನ್ನು ಎರಡು ಕಾಲುಗಳ ಮಧ್ಯೆ ಹಿಡಿದು ಅವನ ಪಕ್ಕ ಕೂತಿದ್ದಳು.

‘ನೋಟರಿ ಹೆಂಡತಿ ಸಿಕ್ಕಿದ್ರು,’ ಎಂದಳು. ‘ಮಾರ್ಕೆಟ್ಟಲ್ಲಿ. ನವೆಂಬರಲ್ಲಿ.’

ಎವರಾರ್ದೊ ಅವಳ ಕಡೆ ತಿರುಗಿದ. ‘ಏನಂದ್ರು?’

‘ಏನಿಲ್ಲ. ಮನೇಲಿ ಕೂತು ಕೂತು ಯಜಮಾನರಿಗೆ ಬೇಜಾರಂತೆ.’

ಅವಳು ಸೆರಗಿನಂತೆ ಇಳಿಬಿದ್ದ ಶಾಲನ್ನು ಸರಿಮಾಡಿಕೊಂಡಳು. ನವೆಂಬರಿನಿಂದ ಕಟ್ಟಿದ ಡಬ್ಬಿಗಳು, ಹದಿನೈದು ದಿನಕ್ಕೊಮ್ಮೆ ಎಣಿಸದೆ ಇಟ್ಟುಕೊಂಡ ಸಂಬಳ, ಊಟದ ಹೊತ್ತಿನ ವರ್ಣನೆಗಳು, ಎಲ್ಲ ಅವನಿಗೆ ಒಟ್ಟಿಗೆ ಅರ್ಥವಾದವು. ಅವಳಿಗೆ ಗೊತ್ತಿತ್ತು. ಪ್ರತಿದಿನ ಎಂಟರಿಂದ ಹನ್ನೊಂದರವರೆಗೆ ಅವಳು ಮಿರ್ತಾಳನ್ನು ನೋಡುತ್ತಿದ್ದಳೋ, ದಪ್ಪ ಹೆಂಗಸಿನ ಹಿಂದೆ ಬಗ್ಗುವ ಒಂದು ಬೆನ್ನನ್ನು ಹುಡುಕುತ್ತಿದ್ದಳೋ? ಹಿಂದಿನ ಸೀಟಿನಿಂದ ಕುಕಾ, ನೋಟರಿಗಳೇ ನೀವೂ ಹಾಡಿ ಎಂದು ಬೆನ್ನು ತಟ್ಟಿದಳು. ಅವನು ಹಾಡಿದ.

ಮರುದಿನ ಆರೂವರೆಗೆ ಟೈ ಕಟ್ಟಿಕೊಂಡ. ಹೊವಿತಾ ಡಬ್ಬಿ ಕೊಟ್ಟಳು. ಅಂಗಳದಲ್ಲಿ ನೀರು ಹಿಡಿಯುತ್ತಿದ್ದವರು ಎದ್ದು ನಿಂತು ನಮಸ್ಕರಿಸಿ ದಾರಿ ಬಿಟ್ಟರು. ಬಾಗಿಲಲ್ಲಿ ಅವನು ಒಂದು ಕ್ಷಣ ನಿಂತ, ಏನೋ ಮರೆತವನಂತೆ. ಅವಳೂ ನಿಂತಳು.

‘ತಡವಾಗುತ್ತೆ, ಹೋಗಿ,’ ಎಂದಳು.

ಹೋದ. ಬಸ್ಸು ನಿಲ್ಲುವ ಮೂಲೆಯಲ್ಲಿ ಇರ್ಮಾ ಹೊಸ ಗಂಡಸೊಬ್ಬನಿಗಾಗಿ ಅತ್ತಿತ್ತ ನೋಡುತ್ತಿದ್ದಳು. ಇವನನ್ನು ಕಂಡು ತಲೆ ತಗ್ಗಿಸಿದಳು. ಅವನು ಬಲಕ್ಕೆ ಹೊರಳಿದ, ಆಮೇಲೆ ಎಡಕ್ಕೆ. ಸಂಜೆ ಐದೂವರೆಗೆ ಸರಿಯಾಗಿ ಮನೆಗೆ ಬಂದ. ಕಚೇರಿಯಲ್ಲಿ ತುಂಬ ಕೆಲಸವಿತ್ತೇ ಎಂದು ಅವಳು ಕೇಳಿದಳು. ಇತ್ತು ಎಂದ.

ತನ್ನ ಕೆಲಸ ಹೋಗಿದೆ ಎಂದು ಅವನು ಹೊವಿತಾಳಿಗೆ ಎಂದೂ ಹೇಳಲಿಲ್ಲ.